ಕೊಲಾಜ್ ಪುಟಕ್ಕೆ ನಮ್ಮೂರಿನ ಕಾಗದ

ಮೈಸೂರಿನ ಒಂದು ಸಾಧಾರಣ ಮನೆಗೆ ವರ್ಷವೊಂದರಲ್ಲಿ ಬಂದು ಸೇರುವ ಕಾಗದಗಳನ್ನೆಲ್ಲ ನೆಲದ ಮೇಲೆ ಹರಡಿ ನೋಡಿದರೆ, ಕಾಗದದ ಚೂರುಗಳನ್ನು ಅಂಟಿಸಿ ಚಿತ್ರ ಕಟ್ಟುವ ಕೊಲಾಜ್ ಮಾಡುವವರಿಗೆ ಹಣ ಕೊಟ್ಟು ಬೇರೆ ಕಾಗದ ತರಬೇಕೆಂದು ಅನ್ನಿಸುವುದಿಲ್ಲ. ಮೂಲೆಗಳಿಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆಗಳು, ಊದುಬತ್ತಿಯ ಪೊಟ್ಟಣಗಳು, ಶ್ರೀಗಂಧದ ಸಾಬೂನಿನ ಡಬ್ಬಿ, ರೇಷ್ಮೆ ಸೀರೆಯ ಮಡಿಕೆಯ ನಡುವೆ ಇಟ್ಟ ತೆಳು ಕಾಗದ, ದಿನಕ್ಕೊಂದರಂತೆ ಹರಿಯುವ ಕ್ಯಾಲೆಂಡರಿನ ಹಾಳೆ, ಅವಧಿ ಮುಗಿದ ಒಂಟಿಕೊಪ್ಪಲ್ ಪಂಚಾಂಗ, ಬಸ್ಸಿನ ಟಿಕೆಟ್ಟು, ಹೂವು ಸುತ್ತಿಕೊಟ್ಟ ಪತ್ರಿಕೆಯ ತುಂಡು, ದೇವಸ್ಥಾನದ ಸೇವಾ ರಸೀದಿ ಇವೆಲ್ಲ ಒಂದೊಂದು ಕೆಲಸ ಮುಗಿಸಿ ಮನೆಯಲ್ಲಿ ಉಳಿದವು. ಆರ್ಟ್ ಜರ್ನಲ್ (ಚಿತ್ರ, ಬರಹ ಕೂಡಿದ ದಿನಚರಿ ಪುಸ್ತಕ) ಮಾಡುವವರಿಗೆಂದೇ ಹೊರದೇಶಗಳಿಂದ ಬರುವ ಸಿದ್ಧ ಕಾಗದಗಳ ಕಟ್ಟುಗಳನ್ನು ನಾನೂ ನೋಡಿದ್ದೇನೆ. ಯಾವುದೋ ಊರಿನ ಅಂಚೆ ಮುದ್ರೆ, ಯಾರದೋ ಕೈಬರಹ, ಚಹಾದ ಕಲೆ ಎಲ್ಲವನ್ನೂ ಅಚ್ಚಿನಲ್ಲೇ ಹಾಕಿ, ಹೊಸ ಕಾಗದಕ್ಕೆ ಹಳೆಯದರ ಬಣ್ಣ ಬರಿಸಿರುತ್ತಾರೆ. ನೋಡಲು ಚೆಂದವಾಗಿಯೇ ಇರುತ್ತದೆ. ಆದರೆ ದಿನಚರಿಯ ಸ್ವಭಾವವುಳ್ಳ ಒಂದು ಪುಸ್ತಕದಲ್ಲಿ, ನಮ್ಮ ಕೈಯಿಂದ ಹಾದುಹೋಗದ ಕಾಗದಕ್ಕೆ ಹೇಳಲು ಏನೂ ಇರುವುದಿಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ. ನಮ್ಮೂರಿನ ಕಾಗದಗಳನ್ನೇ ಬಳಸಬೇಕು. ಹಾಗೆ ಬಳಸಬೇಕಾದರೆ ಅವುಗಳ ಗುಣವನ್ನು ಒಂದೊಂದಾಗಿ ತಿಳಿದುಕೊಳ್ಳಬೇಕು.

ಈ ಕಲೆ ಶುರುವಾದದ್ದೂ ಕೈಗೆ ಸಿಕ್ಕ ವಸ್ತುವಿನಿಂದಲೇ. 1912ರಲ್ಲಿ ಪಿಕಾಸೊ, ಕುರ್ಚಿಯ ಬೆತ್ತದ ಹೆಣಿಗೆಯನ್ನು ಅಚ್ಚು ಹಾಕಿದ್ದ ಮೇಣಬಟ್ಟೆಯ ತುಂಡೊಂದನ್ನು ತನ್ನ ಚಿತ್ರಕ್ಕೆ ಅಂಟಿಸಿ, ಅದರ ಸುತ್ತ ಹಗ್ಗವನ್ನೇ ಚೌಕಟ್ಟಾಗಿ ಕಟ್ಟಿದ. ಅದೇ ವರ್ಷ ಚಿತ್ರಕಾರ ಬ್ರಾಕ್, ಮರದ ಗೆರೆಗಳನ್ನು ಅಚ್ಚು ಮಾಡಿದ್ದ ಗೋಡೆಕಾಗದವನ್ನು ಅಂಗಡಿಯಿಂದ ತಂದು, ಕತ್ತರಿಸಿ, ಇದ್ದಿಲಿನ ರೇಖಾಚಿತ್ರದ ನಡುವೆ ಅಂಟಿಸಿದ. ಜರ್ಮನಿಯ ಹ್ಯಾನೋವರ್ ನಗರದ ಕುರ್ಟ್ ಶ್ವಿಟರ್ಸ್ ಮೊದಲ ಮಹಾಯುದ್ಧ ಮುಗಿದ ಮೇಲೆ ಟ್ರಾಮ್ ಟಿಕೆಟ್ಟುಗಳು, ಪೊಟ್ಟಣದ ಕಾಗದಗಳು, ಜಾಹೀರಾತಿನ ಚೂರುಗಳನ್ನು ಆಯ್ದು ತಂದು ಸಣ್ಣ ಸಣ್ಣ ಚಿತ್ರಗಳನ್ನು ಕಟ್ಟಿದ. ಅವರವರ ಊರಿನ ಬೀದಿ ಅವರವರ ಚಿತ್ರದಲ್ಲಿದೆ. ಹಾಗಾದರೆ ನಮ್ಮ ಚಿತ್ರದಲ್ಲಿ ಮೈಸೂರಿನ ಸಯ್ಯಾಜಿರಾವ್ ರಸ್ತೆ ಇರಬೇಡವೇ?

ಇನ್ನೂ ಹತ್ತಿರದ ನಂಟೊಂದು ನಮ್ಮಲ್ಲೇ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯಲ್ಲಿ, ಕಾಗದವನ್ನು ಗಟ್ಟಿಯಾದ ಆಧಾರಕ್ಕೆ ಅಂಟಿಸಿ, ಹುಣಸೆ ಕಡ್ಡಿಯ ಇದ್ದಿಲಿನಿಂದ ರೇಖೆ ಎಳೆದು, ಒಡವೆ ಮತ್ತು ಮಂಟಪಗಳ ಜಾಗದಲ್ಲಿ ಜೆಸ್ಸೊ (ಬಿಳಿ ಪುಡಿಯನ್ನು ಅಂಟಿನಲ್ಲಿ ಕಲಸಿದ) ಲೇಪವನ್ನು ಸ್ವಲ್ಪವೇ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕನ್ನು ಕೂರಿಸುತ್ತಾರೆ. ಎಲ್ಲ ಒಣಗಿದ ಮೇಲೆ ಚಿತ್ರದ ಮೇಲೆ ತೆಳು ಕಾಗದವನ್ನು ಹಾಸಿ ನುಣುಪು ಕಲ್ಲಿನಿಂದ ಹಗುರವಾಗಿ ಉಜ್ಜುವ ಪದ್ಧತಿಯೂ ಇತ್ತು. ಕಾಗದ, ಲೇಪ, ಲೋಹದ ರೇಕು, ಬಣ್ಣ ಇವು ಪದರ ಪದರವಾಗಿ ಒಂದರ ಮೇಲೊಂದು ಕೂರುವ ಈ ಕ್ರಮವನ್ನು ಕಂಡವರಿಗೆ ಮಿಕ್ಸೆಡ್ ಮೀಡಿಯಾ (ಹಲವು ಸಾಮಗ್ರಿಗಳನ್ನು ಕೂಡಿಸಿ ಮಾಡುವ ಚಿತ್ರ) ಎಂಬುದು ಪರದೇಶದ ಮಾತಾಗಿ ಕೇಳುವುದಿಲ್ಲ. ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದಾಗ ಹಳೆಯ ಮೈಸೂರು ಚಿತ್ರಗಳನ್ನು ಎದುರಿನಿಂದ ನೋಡಿ ಮುಂದೆ ಸಾಗದೆ, ಒಂದು ಪಕ್ಕಕ್ಕೆ ನಿಂತು, ಬೆಳಕು ಓರೆಯಾಗಿ ಬೀಳುವಂತೆ ನೋಡಿದರೆ ಆ ಉಬ್ಬು ಎಷ್ಟು ಮಿತವಾಗಿದೆ ಎಂಬುದು ತಿಳಿಯುತ್ತದೆ. ಪುಟದ ಮೇಲೆ ಎಷ್ಟು ಉಬ್ಬು ಸಾಕು ಎಂಬುದಕ್ಕೆ ನನಗೆ ಅದೇ ಅಳತೆ.

ಈಗ ಕಾಗದಗಳ ಗುಣದ ವಿಚಾರ. ಪತ್ರಿಕೆಯ ಕಾಗದವನ್ನು ಮರದ ತಿರುಳನ್ನು ಅರೆದು ಮಾಡುತ್ತಾರೆ. ಅದರಲ್ಲಿ ಲಿಗ್ನಿನ್ ಎಂಬ ಅಂಶ ಹಾಗೆಯೇ ಉಳಿದಿರುವುದರಿಂದ ಗಾಳಿ ಮತ್ತು ಬೆಳಕು ತಗುಲಿದಂತೆ ಕಾಗದ ಹಳದಿಯಾಗಿ, ಕಂದಾಗಿ, ಕೊನೆಗೆ ಮುಟ್ಟಿದರೆ ಮುರಿಯುವಂತಾಗುತ್ತದೆ. ಮೇಲೆ ಅಕ್ರಿಲಿಕ್ ಮೀಡಿಯಂ (ಬಣ್ಣವಿಲ್ಲದ, ಅಂಟಾಗಿಯೂ ಒದಗುವ ಅಕ್ರಿಲಿಕ್ ದ್ರವ) ಹಚ್ಚಿದರೆ ಇದು ನಿಧಾನವಾಗಬಹುದೇ ಹೊರತು ನಿಲ್ಲುವುದಿಲ್ಲ, ಏಕೆಂದರೆ ಕಾರಣ ಕಾಗದದ ಒಳಗೇ ಇದೆ. ಆದ್ದರಿಂದ ಪತ್ರಿಕೆಯ ತುಂಡನ್ನು ಮಣ್ಣಿನ ಬಣ್ಣಗಳ ಪಕ್ಕದಲ್ಲಿ, ಅಂದರೆ ಅದು ಹಳದಿಯಾದರೂ ಪುಟಕ್ಕೆ ಕೇಡಾಗದ ಕಡೆ ಇಡುತ್ತೇನೆ. ಅದರಲ್ಲಿರುವ ಸುದ್ದಿಯೇ ಮುಖ್ಯವಾದರೆ ಒಳ್ಳೆಯ ಕಾಗದದ ಮೇಲೆ ಜೆರಾಕ್ಸ್ ತೆಗೆಸಿ ಅದನ್ನು ಬಳಸುತ್ತೇನೆ. ಬಸ್ಸಿನಲ್ಲಿ ಕಂಡಕ್ಟರ್ ಯಂತ್ರದಿಂದ ಹರಿದು ಕೊಡುವ ಟಿಕೆಟ್ಟಿನ ಸಂಗತಿ ಬೇರೆ. ಅದು ಶಾಖಕ್ಕೆ ಕಪ್ಪಾಗುವ ಲೇಪವುಳ್ಳ ಥರ್ಮಲ್ ಕಾಗದ, ಶಾಯಿಯೇ ಇಲ್ಲದ ಅಚ್ಚು. ಬಿಸಿಲಿಗೆ ಬಿಟ್ಟರೆ ಅಕ್ಷರ ಮಾಸುತ್ತದೆ, ಹೇರ್ ಡ್ರೈಯರ್‌ನಿಂದ ಒಣಗಿಸಲು ಹೋದರೆ ಇಡೀ ಟಿಕೆಟ್ಟು ಕಪ್ಪಾಗುತ್ತದೆ. ಅದನ್ನೂ ಮೊದಲು ಜೆರಾಕ್ಸ್ ಮಾಡಿಸಿಯೇ ಅಂಟಿಸಬೇಕು. ಜೆರಾಕ್ಸ್ ಮತ್ತು ಲೇಸರ್ ಪ್ರಿಂಟಿನ ಪುಡಿ ಕಾಗದಕ್ಕೆ ಕರಗಿ ಅಂಟಿಕೊಂಡಿರುವುದರಿಂದ ನೀರಿಗೆ ಜಗ್ಗುವುದಿಲ್ಲ. ಮನೆಯ ಇಂಕ್‌ಜೆಟ್ ಪ್ರಿಂಟಾದರೆ ಬ್ರಷ್ ತಾಗಿದೊಡನೆ ಸಾಮಾನ್ಯವಾಗಿ ಹರಡಿಬಿಡುತ್ತದೆ.

ಲಗ್ನಪತ್ರಿಕೆಯಷ್ಟು ಸಮೃದ್ಧವಾದ ಸಾಮಗ್ರಿ ಇನ್ನೊಂದಿಲ್ಲ. ದಪ್ಪ ರಟ್ಟು, ಹೊನ್ನಿನ ಬಣ್ಣದ ಹಾಳೆಯೊತ್ತಿದ ಗಣಪತಿ, ಉಬ್ಬು ಅಚ್ಚಿನ ಬಳ್ಳಿ, ಒಳಗಿನ ತೆಳು ಹಾಳೆ. ದಪ್ಪ ರಟ್ಟನ್ನು ಇಡಿಯಾಗಿ ಅಂಟಿಸಿದರೆ ಪುಸ್ತಕ ಮುಚ್ಚುವುದಿಲ್ಲವಾದ್ದರಿಂದ ಅದರ ಒಂದು ಮೂಲೆಯನ್ನು ಉಗುರಿನಿಂದ ಬಿಡಿಸಿ, ಮೇಲಿನ ಅಚ್ಚಿನ ಪದರವನ್ನಷ್ಟೇ ನಿಧಾನವಾಗಿ ಸುಲಿದುಕೊಳ್ಳುತ್ತೇನೆ. ಸುಲಿದ ಹಿಂಬದಿ ಒರಟಾಗಿರುವುದರಿಂದ ಗೋಂದು ಚೆನ್ನಾಗಿ ಹಿಡಿಯುತ್ತದೆ. ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದ ಲಗ್ನಪತ್ರಿಕೆಯೊಂದು ಸಿಕ್ಕಿದರೆ ಅದನ್ನು ಬೆಳಕಿಗೆ ಹಿಡಿದು ಹಿಂಬದಿಯನ್ನು ಬೆರಳಿನಿಂದ ಸವರಿ ನೋಡಬೇಕು: ಅಕ್ಷರಗಳು ಕಾಗದವನ್ನು ಒತ್ತಿದ ಗುರುತು ಕೈಗೆ ಸಿಗುತ್ತದೆ. ಇನ್ನು ಆ ಅರಿಶಿನದ ಮೂಲೆ. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಸುಣ್ಣ, ಸಾಬೂನು ತಾಗಿದರೆ ಕೆಂಪಾಗುತ್ತದೆ ಎಂಬುದನ್ನು ನಮ್ಮ ಮನೆಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹಸಿಯಾಗಿರುವ ಅಕ್ರಿಲಿಕ್ ಮೀಡಿಯಂ ಕೂಡ ಸ್ವಲ್ಪ ಕ್ಷಾರಗುಣವುಳ್ಳದ್ದೇ ಆದ್ದರಿಂದ ಅದನ್ನು ಹಚ್ಚಿದರೆ ಅರಿಶಿನ ಕೆಂಪಿಗೆ ತಿರುಗಬಹುದು. ಹಾಗೆ ತಿರುಗುವುದು ನನಗೆ ಇಷ್ಟವೇ. ಹಳದಿಯೇ ಉಳಿಯಬೇಕೆನ್ನುವವರು ಆ ಮೂಲೆಯನ್ನು ಮೀಡಿಯಂ ಸೋಕದಂತೆ ಬಿಡಬೇಕು.

ಊದುಬತ್ತಿಯ ಪೊಟ್ಟಣಕ್ಕೆ ಸುಗಂಧತೈಲದ ಪಸೆ ಇಳಿದಿದ್ದರೆ ನೀರಿನ ಗೋಂದು ಆ ಜಾಗವನ್ನು ಹಿಡಿಯುವುದಿಲ್ಲ. ಹೊಳಪು ಮೈಯ ಡಬ್ಬಿಗಳನ್ನು ಸಣ್ಣ ಮರಳುಕಾಗದದಿಂದ ಒಮ್ಮೆ ಉಜ್ಜಿಕೊಂಡರೆ ಸಾಕು.

ಕನ್ನಡದ ಅಚ್ಚಾದ ಕಾಗದವನ್ನು ಕತ್ತರಿಸುವಾಗ ಗಮನಿಸಬೇಕಾದ ಸಂಗತಿಯೊಂದಿದೆ. ಇಂಗ್ಲಿಷಿನ ಕೊಲಾಜ್ ಪಾಠಗಳಲ್ಲಿ ಇದರ ಪ್ರಸ್ತಾಪ ಬರಲು ಸಾಧ್ಯವೇ ಇಲ್ಲ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಜೋತಿರುತ್ತವೆ. ಸಾಲನ್ನು ಪಟ್ಟಿಯಾಗಿ ಕತ್ತರಿಸುವಾಗ ಕತ್ತರಿ ಅಕ್ಷರದ ಬುಡಕ್ಕೆ ಹತ್ತಿರವಾಗಿ ಹೋದರೆ ಒತ್ತುಗಳೆಲ್ಲ ಬಿದ್ದುಹೋಗಿ, ‘ಅಮ್ಮ’ ಎಂಬುದು ‘ಅಮ’ ಆಗುತ್ತದೆ, ‘ಅಕ್ಕ’ ‘ಅಕ’ ಆಗುತ್ತದೆ. ಮೇಲಿನ ಸಾಲಿನ ಒತ್ತುಗಳು ಕೆಳಗಿನ ಪಟ್ಟಿಯ ತಲೆಯ ಮೇಲೆ ಅರ್ಥವಿಲ್ಲದ ಕೊಂಡಿಗಳಾಗಿ ಕೂರುತ್ತವೆ. ಹಾಗಾಗಿ ನಾನು ಒಂದು ಸಾಲು ಬೇಕಿದ್ದರೂ ಮೂರು ಸಾಲುಗಳ ಅಗಲವನ್ನು ಹರಿದುಕೊಂಡು, ಬೇಡದ ಸಾಲುಗಳ ಮೇಲೆ ತೆಳುವಾಗಿ ಬಿಳಿ ಜೆಸ್ಸೊ ಎಳೆಯುತ್ತೇನೆ. ಬೇಕಾದ ಮಾತು ತನ್ನ ಒತ್ತು, ದೀರ್ಘ, ಕೊಂಬುಗಳ ಸಮೇತ ಉಳಿಯುತ್ತದೆ, ಸುತ್ತಲಿನ ಸಾಲುಗಳು ಮಂಜಿನಂತೆ ಹಿಂದಕ್ಕೆ ಸರಿಯುತ್ತವೆ.

ಹರಿಯುವುದಕ್ಕೂ ಒಂದು ಕ್ರಮವಿದೆ, ಅದು ಅಂಟಿಸುವುದಕ್ಕೂ ಸಂಬಂಧಿಸಿದ್ದು. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಬಹುಮಟ್ಟಿಗೆ ಒಂದೇ ದಿಕ್ಕಿನಲ್ಲಿ ಮಲಗಿರುತ್ತವೆ. ನಾರಿನ ದಿಕ್ಕಿನಲ್ಲಿ ಹರಿದರೆ ನೇರವಾಗಿ ಹರಿಯುತ್ತದೆ, ಅಡ್ಡವಾಗಿ ಹರಿದರೆ ಅಂಕುಡೊಂಕು. ನೀರು ತಾಗಿದಾಗ ನಾರು ಉದ್ದಕ್ಕಿಂತ ಅಡ್ಡಕ್ಕೇ ಹೆಚ್ಚು ಉಬ್ಬುವುದರಿಂದ, ಗೋಂದು ಹಚ್ಚಿದ ಕಾಗದ ಒಂದು ಕಡೆಗೆ ಮಾತ್ರ ಹಿಗ್ಗಿ, ಒಣಗುವಾಗ ಕುಗ್ಗಿ, ತನ್ನ ಕೆಳಗಿನ ಹಾಳೆಯನ್ನೂ ಎಳೆದು ಬಾಗಿಸುತ್ತದೆ. ನನಗೆ ಇದನ್ನು ಮನದಟ್ಟು ಮಾಡಿಸಿದವರು ಪುಸ್ತಕಗಳಿಗೆ ರಟ್ಟು ಕಟ್ಟುವ ಹಿರಿಯರೊಬ್ಬರು. ಹಾಳೆಯೊಂದನ್ನು ಅಂಗೈ ಮೇಲಿಟ್ಟು ಎರಡು ಕಡೆಗೂ ಮೆಲ್ಲನೆ ಮಡಿಸಿ ತೋರಿಸುತ್ತ, “ನೋಡಿ ಅಮ್ಮ, ಈ ಕಡೆ ಸಲೀಸಾಗಿ ಬಗ್ಗುತ್ತೆ, ಈ ಕಡೆ ತಡೀತದೆ. ಬಗ್ಗೋ ಕಡೆ ಪುಸ್ತಕದ ಬೆನ್ನಿಗೆ ಸಮನಾಗಿ ಬರಬೇಕು, ಆಮೇಲೆ ನೀವು ಏನೇ ಅಂಟಿಸಿಕೊಳ್ಳಿ,” ಎಂದರು. ಅಂಟಿಸುವ ದೊಡ್ಡ ತುಂಡಿನ ನಾರೂ ಪುಟದ ನಾರೂ ಒಂದೇ ದಿಕ್ಕಿನಲ್ಲಿದ್ದರೆ ಪುಟ ಬಹಳ ಮಟ್ಟಿಗೆ ಚಪ್ಪಟೆಯಾಗಿ ಉಳಿಯುತ್ತದೆ. ಅವರು ಬಳಸುತ್ತಿದ್ದ ಮೈದಾ ಅಂಟಿನಲ್ಲಿ, ಹುಳು ಬಾರದಿರಲೆಂದು ಮೈಲುತುತ್ತ ಬೆರೆಸುತ್ತಾರೆ. ಅದು ವಿಷ. ಮಕ್ಕಳಿರುವ ಮನೆಯ ಮೇಜಿನ ಮೇಲೆ ಅದು ಬೇಡ; ಮೈಲುತುತ್ತವಿಲ್ಲದ ಬರಿಯ ಮೈದಾ ಅಂಟೂ ಬೇಡ, ಅದನ್ನು ತಿನ್ನಲು ಪುಸ್ತಕದ ಸಂದಿಗಳಲ್ಲಿ ಓಡಾಡುವ ಬೆಳ್ಳಿಬಣ್ಣದ ಹುಳು ಬಂದೇ ಬರುತ್ತದೆ. ತೆಳು ಕಾಗದಗಳಿಗೆ ಹೊಳಪಿಲ್ಲದ ಅಕ್ರಿಲಿಕ್ ಮ್ಯಾಟ್ ಮೀಡಿಯಂ, ದಪ್ಪ ಕಾಗದಗಳಿಗೆ ಫೆವಿಕಾಲ್ ಇವೆರಡರಲ್ಲಿ ನನ್ನ ಕೆಲಸವೆಲ್ಲ ನಡೆಯುತ್ತದೆ. ಫೆವಿಕಾಲ್ ಒಣಗಿದ ಮೇಲೂ ನೀರಿಗೆ ಮೆದುವಾಗುವುದರಿಂದ, ಮೇಲೆ ಬಣ್ಣ ಹಚ್ಚಬೇಕಾದ ಮೈಗೆ ಅದನ್ನು ಬಳಿಯುವುದಿಲ್ಲ.

ಇತ್ತೀಚಿನ ಪುಟವೊಂದನ್ನು ಪದರ ಪದರವಾಗಿ ಹೇಳಿದರೆ ಇದೆಲ್ಲ ಹೇಗೆ ಕೂಡಿಬರುತ್ತದೆ ಎಂಬುದು ಸ್ಪಷ್ಟವಾಗಬಹುದು. ವಿಷಯ ಮೈಸೂರಿನ ದೇವರಾಜ ಮಾರುಕಟ್ಟೆ. 300 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ದಪ್ಪ ಜಲವರ್ಣ ಕಾಗದದ ಜೋಡಿ ಪುಟ. ಮೊದಲು ಜೆಸ್ಸೊವನ್ನು ಬ್ರಷ್ಷಿನಿಂದ ಹಚ್ಚದೆ, ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚಿನಿಂದ ಅಲ್ಲಲ್ಲಿ ಎಳೆದೆ. ಅಕ್ರಿಲಿಕ್ ಜೆಸ್ಸೊದಲ್ಲಿರುವ ಸೀಮೆಸುಣ್ಣದಂಥ ಪುಡಿ ಮೈಯನ್ನು ತುಸು ಒರಟು ಮಾಡಿ ಬಣ್ಣಕ್ಕೆ ಹಿಡಿತ ಕೊಡುತ್ತದೆ. ಅದು ತಾಗದೆ ಉಳಿದ ಕಡೆ ಕಾಗದ ಬಣ್ಣವನ್ನು ಹೀರಿಕೊಳ್ಳುತ್ತದೆ. ಒಂದೇ ನೀರುಬಣ್ಣ ಎರಡು ಬಗೆಯಾಗಿ ಕಾಣುವುದು ಇದರಿಂದಲೇ. ಅದು ಒಣಗಿದ ಮೇಲೆ ಹಳೆಯ ಲೆಕ್ಕದ ಪುಸ್ತಕದ, ಕೆಂಪು ಗೆರೆಗಳಿರುವ ಹಾಳೆಯನ್ನು ಹರಿದು ಎಡಪುಟದ ಕೆಳಭಾಗಕ್ಕೆ ಅಂಟಿಸಿದೆ. ಬಟರ್ ಪೇಪರನ್ನು ಮೇಲೆ ಹಾಸಿ ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ಉಜ್ಜಿದರೆ ಒಳಗೆ ಗಾಳಿಯ ಗುಳ್ಳೆ ಉಳಿಯುವುದಿಲ್ಲ.

ಕುಂಕುಮ ಮತ್ತು ರಂಗೋಲಿ ಪುಡಿಯ ಗೋಪುರಗಳ ಸಾಲು ಆ ಮಾರುಕಟ್ಟೆಯ ಗುರುತು. ಅದೇ ಅಂಗಡಿಗಳಲ್ಲಿ ತೂತುಗಳಿರುವ ರಂಗೋಲಿ ಅಚ್ಚುಗಳೂ ಸಿಗುತ್ತವೆ. ಕಲಾಸಾಮಗ್ರಿಯ ಅಂಗಡಿಯಲ್ಲಿ ದುಬಾರಿ ಬೆಲೆಗೆ ಮಾರುವ ಸ್ಟೆನ್ಸಿಲ್ ಮಾಡುವ ಕೆಲಸವನ್ನೇ ಇವು ಮಾಡುತ್ತವೆ. ಅಚ್ಚನ್ನು ಪುಟದ ಮೇಲಿಟ್ಟು, ಸ್ಪಂಜಿನ ತುದಿಗೆ ಗಟ್ಟಿಯಾದ ಅಕ್ರಿಲಿಕ್ ಬಣ್ಣವನ್ನು ಸ್ವಲ್ಪವೇ ಅದ್ದಿ, ಹೆಚ್ಚಾದದ್ದನ್ನು ಹಳೆ ಕಾಗದಕ್ಕೆ ಒತ್ತಿ ತೆಗೆದು, ನೇರವಾಗಿ ಮೇಲಿನಿಂದ ಕುಟ್ಟಿದರೆ ಚುಕ್ಕಿಗಳು ಸ್ವಚ್ಛವಾಗಿ ಬರುತ್ತವೆ. ಬಣ್ಣ ನೀರಾಗಿದ್ದರೆ ಅಚ್ಚಿನ ಕೆಳಗೆ ನುಸುಳುತ್ತದೆ. ಕೆಲವು ಚುಕ್ಕಿಗಳಿಗೆ ಬಣ್ಣದ ಬದಲು ಮಾಡೆಲಿಂಗ್ ಪೇಸ್ಟ್ ಎಂಬ ದಪ್ಪ ಲೇಪವನ್ನು ಕಾರ್ಡಿನಿಂದ ಸವರಿ ಉಬ್ಬಿಸಿದೆ, ಮೇಲೆ ಹೇಳಿದ ಮೈಸೂರು ಚಿತ್ರದ ಉಬ್ಬಿನಷ್ಟೇ. ನಿಜವಾದ ಕುಂಕುಮವನ್ನೇ ಪುಟಕ್ಕೆ ಸುರಿಯಬೇಕೆಂಬ ಆಸೆ ಎಲ್ಲರಿಗೂ ಬರುತ್ತದೆ. ಅದು ಉದುರುತ್ತದೆ, ಎದುರು ಪುಟಕ್ಕೆ ಹತ್ತುತ್ತದೆ, ಬೆಳಕಿಗೆ ಮಾಸುತ್ತದೆ. ಬಣ್ಣವನ್ನು ಬಣ್ಣದಿಂದಲೇ ತರುವುದು ಮೇಲು.

ವೀಳ್ಯದೆಲೆಯ ಕವಳಿಗೆಗೆಂದು, ಸೀರೆಯ ಜೊತೆ ಬಂದಿದ್ದ ತೆಳು ಕಾಗದಕ್ಕೆ ಮೊದಲೇ ಎರಡು ಮೂರು ಬಗೆಯ ಹಸಿರು ಹಚ್ಚಿ ಒಣಗಿಸಿಟ್ಟುಕೊಂಡು ಆಮೇಲೆ ಎಲೆಗಳನ್ನು ಕತ್ತರಿಸಿದೆ. ಹೀಗೆ ಕಾಗದಕ್ಕೆ ಮೊದಲು ಬಣ್ಣ ಹಚ್ಚಿಸಿಟ್ಟುಕೊಂಡು ಆಮೇಲೆ ಕತ್ತರಿಯಿಂದಲೇ ಚಿತ್ರ ಬರೆದವನು ಫ್ರಾನ್ಸಿನ ಚಿತ್ರಕಾರ ಮತೀಸ್, ತನ್ನ ಬದುಕಿನ ಕೊನೆಯ ವರ್ಷಗಳಲ್ಲಿ. ತೆಳು ಕಾಗದಕ್ಕೆ ಮೀಡಿಯಂ ತಾಗಿದರೆ ಅರೆಪಾರದರ್ಶಕವಾಗುವುದರಿಂದ ಎಲೆಯ ಮೇಲೆ ಎಲೆ ಬಿದ್ದ ಕಡೆ ಹಸಿರು ತಾನಾಗಿಯೇ ಗಾಢವಾಗುತ್ತದೆ, ಕೆಳಗಿನ ಲೆಕ್ಕದ ಅಂಕಿಗಳು ಎಲೆಯ ನರಗಳ ನಡುವೆ ತೋರುತ್ತವೆ. ಪುಟದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ತೃಪ್ತಿ ಕೊಟ್ಟ ಜಾಗ ಅದು.

ಬಲಪುಟದಲ್ಲಿ ಮಾರುಕಟ್ಟೆಯ ಕಮಾನಿನ ಫೋಟೊ ಬೇಕಿತ್ತು. ಆದರೆ ಅಂಟಿಸಿದ ಫೋಟೊದ ಚೌಕಾಕಾರದ ಅಂಚು ಬೇಡವಾಗಿತ್ತು. ಇಂಥ ಕಡೆ ಚಿತ್ರವನ್ನು ವರ್ಗಾಯಿಸುವುದೇ ಸರಿ. ಫೋಟೊವನ್ನು ಲೇಸರ್ ಪ್ರಿಂಟ್ ಮಾಡಿಸಿ, ಪುಟದ ಮೇಲೆ ಜೆಲ್ ಮೀಡಿಯಂ (ಗಟ್ಟಿಯಾದ ಅಕ್ರಿಲಿಕ್ ಮೀಡಿಯಂ) ಸಮನಾಗಿ ಹಚ್ಚಿ, ಪ್ರಿಂಟನ್ನು ಮುಖ ಕೆಳಗಾಗಿ ಕೂರಿಸಿ, ರಾತ್ರಿಯಿಡೀ ಒಣಗಲು ಬಿಡಬೇಕು. ಬೆಳಿಗ್ಗೆ ಹಿಂಬದಿಯನ್ನು ಒದ್ದೆ ಮಾಡಿ ಬೆರಳ ತುದಿಯಿಂದ ಉಜ್ಜಿದರೆ ಕಾಗದ ಸಣ್ಣ ಸಣ್ಣ ಸುರುಳಿಗಳಾಗಿ ಏಳುತ್ತದೆ, ಕಪ್ಪು ಪುಡಿ ಮಾತ್ರ ಜೆಲ್‌ನಲ್ಲಿ ಹೂತು ಉಳಿಯುತ್ತದೆ. ಒಣಗಿದಾಗ ಬೆಳ್ಳಗಿನ ಪೊರೆ ಮತ್ತೆ ಕಂಡರೆ ಇನ್ನೂ ಕಾಗದ ಉಳಿದಿದೆ ಎಂದರ್ಥ. ಮತ್ತೆ ನೀರು, ಮತ್ತೆ ಬೆರಳು. ಉಗುರು ತಾಗಿಸಬಾರದು. ಚಿತ್ರ ಎಡಬಲ ತಿರುಗುತ್ತದೆ, ಆದ್ದರಿಂದ ಅಂಗಡಿಯ ಬೋರ್ಡು ಓದಬೇಕೆಂದಿದ್ದರೆ ಕನ್ನಡಿಯ ಪ್ರತಿಯನ್ನೇ ಪ್ರಿಂಟ್ ಮಾಡಿಸಬೇಕು. ಫೋಟೊದಲ್ಲಿ ಬಿಳಿಯಾಗಿದ್ದ ಜಾಗವೆಲ್ಲ ಪಾರದರ್ಶಕವಾಗುವುದರಿಂದ ಕೆಳಗಿನ ಬಣ್ಣ ತಿಳಿಯಾಗಿರಬೇಕು.

ಇಷ್ಟೆಲ್ಲ ಸೇರಿದ ಮೇಲೆ ಏನನ್ನು ಮುಚ್ಚಬೇಕು ಎಂಬ ಪ್ರಶ್ನೆ ಬರುತ್ತದೆ. ಇಷ್ಟಪಟ್ಟು ಅಂಟಿಸಿದ ಚೂರನ್ನು ಅರ್ಧಕ್ಕರ್ಧ ಬಣ್ಣದಿಂದ ಮುಚ್ಚಲು ಮನಸ್ಸು ಒಪ್ಪುವುದಿಲ್ಲ, ಆದರೂ ಪುಟವನ್ನು ಪುಟವಾಗಿಸುವುದು ಆ ಮುಚ್ಚುವ ಕೆಲಸವೇ. ಎಲ್ಲವೂ ಒಂದೇ ಸ್ವರದಲ್ಲಿ ಕೂಗಿದರೆ ಕಣ್ಣು ಎಲ್ಲಿಯೂ ನಿಲ್ಲುವುದಿಲ್ಲ. ಈ ಪುಟದಲ್ಲಿ ಬಲಭಾಗದ ಮೂರನೆಯ ಒಂದು ಪಾಲನ್ನು ಬರಿಯ ತಿಳಿ ಕಾವಿಬಣ್ಣಕ್ಕೆ ಬಿಟ್ಟಿದ್ದೇನೆ. ಅದರ ಕೆಳಗೆ ಪತ್ರಿಕೆಯ ತುಂಡೊಂದು ಇದೆ ಎಂಬುದು ಅಂಚಿನಲ್ಲಿ ಮಾತ್ರ ತಿಳಿಯುತ್ತದೆ.

ಬರವಣಿಗೆಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಒಣಗಿದ ಅಕ್ರಿಲಿಕ್ ಮೈಯ ಮೇಲೆ ಫೌಂಟನ್ ಪೆನ್ನಿನ ಶಾಯಿ ಹನಿಗಟ್ಟುತ್ತದೆ, ಜೆಲ್ ಪೆನ್ನು ತಡವರಿಸುತ್ತದೆ. ನೀರಿಗೆ ಕರಗದ ಕಪ್ಪು ಶಾಯಿಯ ಸಪೂರ ಪೆನ್ನು ಆಗಬಹುದು; ಉದ್ದದ ಬರಹವಾದರೆ ಬೇರೆ ಕಾಗದದ ಮೇಲೆ ಸಮಾಧಾನವಾಗಿ ಬರೆದು, ಅದನ್ನೇ ಅಂಟಿಸುವುದು ಅನುಕೂಲ. ಕನ್ನಡದ ದುಂಡಗಿನ ಅಕ್ಷರಗಳಿಗೆ ನುಣುಪಾದ ಮೈ ಬೇಕು, ಒರಟು ಜೆಸ್ಸೊದ ಮೇಲೆ ಅವುಗಳ ಬಳುಕು ಮುರಿಯುತ್ತದೆ.

ಮುಗಿದ ಪುಟಗಳನ್ನು ಕಾಪಾಡುವುದಕ್ಕೂ ಅಷ್ಟೇ ಗಮನ ಬೇಕು. ಅಕ್ರಿಲಿಕ್ ಒಣಗಿದ ಮೇಲೂ ಶಾಖ, ಒತ್ತಡಗಳಿಗೆ ಸ್ವಲ್ಪ ಅಂಟುವ ಗುಣವನ್ನು ಬಿಡುವುದಿಲ್ಲ. ಮಳೆಗಾಲದಲ್ಲಿ ಎದುರುಬದುರು ಪುಟಗಳು ಒಂದಕ್ಕೊಂದು ಕಚ್ಚಿಕೊಂಡರೆ ಬಿಡಿಸುವಾಗ ಚಿತ್ರದ ತೊಗಲೇ ಕಿತ್ತುಬರುತ್ತದೆ. ಪ್ರತಿ ಜೋಡಿ ಪುಟದ ನಡುವೆ ಬಟರ್ ಪೇಪರ್ ಇಟ್ಟು, ಪುಸ್ತಕವನ್ನು ಭಾರದ ಕೆಳಗೆ ಮಲಗಿಸದೆ ಕಪಾಟಿನಲ್ಲಿ ಸಡಿಲವಾಗಿ ನಿಲ್ಲಿಸಬೇಕು. ಅಂಟಿಸಿದಷ್ಟೂ ಪುಸ್ತಕದ ಹೊಟ್ಟೆ ಉಬ್ಬುತ್ತದೆಯಾದ್ದರಿಂದ, ಕೆಲಸ ಶುರು ಮಾಡುವ ಮೊದಲೇ ಮೂರು ಹಾಳೆಗೊಂದರಂತೆ, ಬೆನ್ನಿನ ಕಡೆ ಬೆರಳಗಲದ ಅಂಚು ಉಳಿಸಿ ಕತ್ತರಿಸಿ ತೆಗೆಯುತ್ತೇನೆ; ಆ ಅಂಚು ಉಳಿದರೆ ಹೊಲಿಗೆ ಸಡಿಲವಾಗುವುದಿಲ್ಲ, ತೆಗೆದ ಹಾಳೆಗಳು ಬಣ್ಣ ಹಚ್ಚಿಟ್ಟುಕೊಳ್ಳಲು ಒದಗುತ್ತವೆ. ಉಳಿದ ಆ ಅಂಚಿನ ಮೇಲೆ, ಮುಂದಿನ ಪುಟದಲ್ಲಿರುವ ಒಂದೊಂದು ಕಾಗದ ಎಲ್ಲಿಂದ ಬಂತು, ಯಾರ ಮದುವೆಯದು, ಯಾವ ಬಸ್ಸಿನದು ಎಂಬುದನ್ನು ಪೆನ್ಸಿಲಿನಿಂದ ಬರೆದಿಡುತ್ತೇನೆ. ಪೆನ್ಸಿಲಿನ ಬರಹ ನೀರು ತಾಗಿದರೂ ಹರಡುವುದಿಲ್ಲ, ವರ್ಷಗಳು ಕಳೆದರೂ ಮಾಸುವುದಿಲ್ಲ.